ಮಲಗಿದವರನ್ನು ಎಬ್ಬಿಸಬಾರದು

ಆ ವರ್ಷ ಎಳ್ಳಮಾವಾಸ್ಯೆಗೆ ಅಪ್ಪ ಹೊಲದಲ್ಲಿ ಚರಗ ಚೆಲ್ಲುವಾಗ ಕೂಗು ಹಾಕಲಿಲ್ಲ. ಸಜ್ಜೆ ಕಡಬು, ಭಜ್ಜಿ, ಅನ್ನ ಎಲ್ಲ ಕಲಸಿದ ಬುಟ್ಟಿಯನ್ನು ಬಗಲಿಗೆ ಇಟ್ಟುಕೊಂಡು, ಬದುವಿನ ಗುಂಟ ಸುಮ್ಮನೆ ಕೈಯಾಡಿಸುತ್ತ ನಡೆದ. ಹಿಂದಿನಿಂದ ನಾನು ತಂಬಿಗೆಯ ನೀರು ಚಿಮುಕಿಸುತ್ತಿದ್ದೆ. ಆಳಂದದಿಂದ ಜಿಡಗಾಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಆಚೀಚೆಯವರೆಲ್ಲ ಗಂಟಲು ಹರಿಯುವಂತೆ ಕೂಗುತ್ತಿದ್ದರು.

“ಯಾಕಪ್ಪಾ, ಕೂಗಂಗಿಲ್ಲೇನು?” ಎಂದೆ.

“ಹುಡುಗಿ ಮಲಗ್ಯಾಳ. ಈ ವರ್ಷ ಭೂಮ್ತಾಯಿ ಸುಮ್ಮನ ಉಣ್ಣಲಿ.”

ಹುಡುಗಿ ಎಂದರೆ ನನ್ನ ತಂಗಿ ಶರಣಮ್ಮ. ಮನೆಯಲ್ಲಿ ಶರಣು. ಕಡಿಮೆ ದರದಲ್ಲಿ ಟಿಕೆಟ್ ಮಾರುವ ಒಂದು ವಿಮಾನ ಕಂಪನಿಯಲ್ಲಿ ಹೊಸದಾಗಿ ಪೈಲಟ್ ಆಗಿ ಸೇರಿದ್ದಳು; ಇನ್ನೂ ತರಬೇತಿಯಲ್ಲೇ ಇದ್ದಳು. ಹೈದರಾಬಾದಿನಿಂದ ಬೆಳಿಗ್ಗೆ ಬಂದವಳು ಸ್ನಾನ ಮಾಡಿ, ನಮ್ಮ ಜೊತೆ ಹೊಲಕ್ಕೆ ಬಂದು, ಬನ್ನಿಗಿಡದ ಕೆಳಗೆ ಅವ್ವ ಹಾಸಿದ ಕೌದಿಯ ಮೇಲೆ ಕೂತವಳು ಕೂತಲ್ಲೇ ಹೊರಳಿದಳು. ಐದು ಕಲ್ಲಿಟ್ಟು ಮಾಡುವ ಪಾಂಡವರ ಪೂಜೆ ಅವಳ ತಲೆಯ ಹತ್ತಿರವೇ ಆಯಿತು. ಗಂಟೆ ಬಾರಿಸಲಿಲ್ಲ. ಅವ್ವ ಊದಿನಕಡ್ಡಿಯ ಹೊಗೆಯನ್ನು ಸೆರಗಿನಿಂದ ಆಚೆ ತಳ್ಳುತ್ತಿದ್ದಳು. ತೊಗರಿ ಒಣಗಿ, ಗಾಳಿ ಬಂದಾಗೊಮ್ಮೆ ಕಾಯಿ ಗಲಗಲ ಅನ್ನುತ್ತಿತ್ತು. ಆ ಸದ್ದಿಗೂ ಅವ್ವ ಹೊಲದ ಕಡೆ ಸಿಟ್ಟಿನಿಂದ ನೋಡಿದಳು.

ಆಮೇಲೆ ಎದ್ದು ಉಣ್ಣಲು ಕೂತಾಗ ಶರಣು ನಕ್ಕಳು. “ನಮ್ಮ ರೂಮಿನ ಕಾಯ್ದೆ ನಿಮಗೂ ಗೊತ್ತಾಗ್ಯಾದ ಬಿಡು.”

“ಏನು ಕಾಯ್ದೆ ಬೇ?” ಅವ್ವ ಕೇಳಿದಳು.

“ಮಲಗಿದವರ್ನ ಎಬ್ಬಸಬಾರದು. ಹುಡುಗೇರು ಎಲ್ಲಾರೂ ಕೂಡಿ ಮಾಡೀವಿ. ಒಬ್ಬಾಕಿ ರಾತ್ರಿ ಡ್ಯೂಟಿ, ಒಬ್ಬಾಕಿ ಹಗಲು. ಯಾವಾಗ ನೋಡಿದ್ರೂ ಯಾರರೆ ಮಲಗಿರ್ತಾರ. ದೀಪ ಹಚ್ಚಂಗಿಲ್ಲ, ಮಾತಾಡಂಗಿಲ್ಲ. ಬೆಂಕಿ ಹತ್ತಿದ್ರೂ ಎಬ್ಬಸಬಾರದು.”

“ಸತ್ತರ?” ಎಂದೆ ನಾನು, ಚೇಷ್ಟೆಗೆ.

“ಸತ್ತಾಕಿಗಂತೂ ಎಬ್ಬಸಲೇಬಾರದು ಅಣ್ಣಾ. ಆಕಿಗರೆ ಪೂರಾ ನಿದ್ದಿ ಸಿಗಲಿ.”

ಅವ್ವ ಅವಳ ಬೆನ್ನಿಗೊಂದು ಹೊಡೆದಳು. ಎಲ್ಲರೂ ನಕ್ಕೆವು. ಆ ನಗುವನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ.

ನಾನು ಬಸ್ ಕಂಡಕ್ಟರ್. ಪಿಯುಸಿ ಮುಗಿಸಿ ಈ ಕೆಲಸ ಹಿಡಿದೆ. ಜೇವರ್ಗಿಯಿಂದ ಅಫಜಲಪುರದ ಮೇಲೆ ಆಳಂದಕ್ಕೆ ಬರುವ ಬಸ್ಸಿನಲ್ಲಿ ನನ್ನ ಡ್ಯೂಟಿ. ನನಗಿಂತ ಹತ್ತು ಪಟ್ಟು ಬುದ್ಧಿ ಇದ್ದವಳು ಶರಣು. ಚಿಕ್ಕಂದಿನಲ್ಲಿ ನಮ್ಮ ಮೇಲಿಂದ ವಿಮಾನ ಹೋದರೆ ಎಲ್ಲ ಮಕ್ಕಳೂ ಕೈ ಬೀಸುತ್ತಿದ್ದರು. ಇವಳು ಮಾತ್ರ ಅದು ಕಣ್ಣಿಗೆ ಮರೆಯಾಗುವವರೆಗೆ ಕತ್ತೆತ್ತಿ ನಿಂತಿರುತ್ತಿದ್ದಳು. ಹಾರಿಸುವುದನ್ನು ಕಲಿಸುವ ಶಾಲೆಗೆ ಅವಳನ್ನು ಸೇರಿಸಲು ಅಪ್ಪ ಆಳಂದದ ಬಜಾರಿನ ಅಡತಿ ಅಂಗಡಿ ಮಾರಿದ. ಆ ಅಂಗಡಿ ಕೊಂಡವನ ಹತ್ತಿರವೇ ತೊಗರಿ ತೂಗುವ ಕೆಲಸಕ್ಕೆ ನಿಂತ. “ನನ್ನ ಮಗಳು ಮ್ಯಾಲ ಹೋಗ್ಯಾಳ, ನಾ ಕೆಳಗ ಇದ್ರೇನು?” ಎಂದು ಚೀಲ ಹೊರುವ ಹಮಾಲರಿಗೆ ಹೇಳುತ್ತಿದ್ದನಂತೆ.

ಲೈಸೆನ್ಸ್ ಸಿಕ್ಕರೆ ಮುಗಿಯಿತು ಅಂದುಕೊಂಡಿದ್ದೆವು. ಮುಗಿದಿರಲಿಲ್ಲ. ಕಂಪನಿಯ ವಿಮಾನ ಬೇರೆ ಬಗೆಯದು, ಅದಕ್ಕೆ ಬೇರೆ ತರಬೇತಿ. ಅದರ ಖರ್ಚೂ ಕಲಿಯುವವರದೇ. ಮೇಲೆ ಬಾಂಡ್. ಇಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ. ಅವರು ಬಿಡಿಸಬಹುದು, ಇವಳು ಬಿಡುವಂತಿಲ್ಲ. ವಿಮಾನದ ಚಕ್ರ ಉರುಳಿದ ಹೊತ್ತಿಗೆ ಮಾತ್ರ ಪಗಾರ. ಯೂನಿಫಾರ್ಮ್ ಹಾಕಿಕೊಂಡು ವಿಮಾನ ನಿಲ್ದಾಣದಲ್ಲಿ ಕಾಯುವುದು, ಕರೆದರೆ ಓಡಲು ತಯಾರಾಗಿ ರೂಮಿನಲ್ಲಿ ಕೂರುವುದು, ಇವೆಲ್ಲ ಲೆಕ್ಕಕ್ಕಿಲ್ಲ.

“ನಮ್ಮ ಡಿಪೋದಾಗ ಹೊರಗ ರಾತ್ರಿ ತಂಗಿದ್ರ ಮರುದಿನ ಸೂಟಿ ಕೊಡ್ತಾರ,” ಎಂದೆ ಒಮ್ಮೆ.

“ನಿಮ್ಮ ಬಸ್ಸೇ ಛಲೋ ಅಣ್ಣಾ. ನಿದ್ದಿ ಬಂದ್ರ ಹುಣಸಿಗಿಡದ ಕೆಳಗ ಬಸ್ ಹಚ್ಚಿ ಮಾರಿ ತೊಳ್ಕೊಂತೀರಿ. ನಾ ಎಲ್ಲಿ ಹಚ್ಚಲಿ?”

ಆ ಎಳ್ಳಮಾವಾಸ್ಯೆಗೂ ಮುಂಚಿನ ಮಳೆಗಾಲದಲ್ಲಿ ಅವಳಿಗೆ ಕಲಿಸಲು ಒಬ್ಬ ಕ್ಯಾಪ್ಟನ್ ಸಿಕ್ಕ. ಮೊದಲ ದಿನ ಮನೆಯವರ ಬಗ್ಗೆ ಕೇಳಿದ್ದಾನೆ. ಇವಳು ಹೆಮ್ಮೆಯಿಂದ, ನಮ್ಮಣ್ಣ ಬಸ್ ಕಂಡಕ್ಟರ್ ಅಂದಿದ್ದಾಳೆ. ಅಂದಿನಿಂದ ಅವನು ಇವಳ ಹೆಸರು ಹಿಡಿಯಲೇ ಇಲ್ಲ. “ಏ ಕಂಡಕ್ಟರ್, ಮುಂದಿನ ಸ್ಟಾಪ್ ಯಾವುದು?” ಎಂದು ಕೇಳುವುದು. ಇಳಿಸುವಾಗ ಚಕ್ರ ಸ್ವಲ್ಪ ಜೋರಾಗಿ ನೆಲಕ್ಕೆ ತಾಗಿದರೆ, “ಇದು ನಿಮ್ಮ ಹಳ್ಳಿ ರಸ್ತೆ ಅಲ್ಲ,” ಎಂದು ಎಲ್ಲರ ಮುಂದೆ ನಗುವುದು. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಕಟಕ ರೊಟ್ಟಿ ತೆಗೆದರೆ ಬೆಳ್ಳುಳ್ಳಿ ವಾಸನೆ ಎಂದು ಮೂಗು ಮುಚ್ಚುವುದು. ಒಂದು ವಿಮಾನ ಇಳಿದು ಮತ್ತೆ ಏರುವ ನಡುವೆ ಅವಳು ಹೊರಗೆ ಹೋಗಿ ಇಡೀ ವಿಮಾನ ಸುತ್ತಿ ಪರೀಕ್ಷೆ ಮಾಡಿ ಬರಬೇಕು, ಮಳೆಯಿರಲಿ ಬಿಸಿಲಿರಲಿ. ಆಗ ರೆಕ್ಕೆಯ ಕೆಳಗೆ ನಿಂತು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ಇದನ್ನೆಲ್ಲ ಅವಳು ಹೇಳುತ್ತಿದ್ದುದು ಕ್ಯಾಪ್ಟನ್ನನ ದನಿ ಅಣಕಿಸುತ್ತ, ನಗುತ್ತ. ನಗಿಸುತ್ತಲೂ ಇದ್ದಳು.

ನಾಗರಪಂಚಮಿಯ ಹೊತ್ತಿಗೆ ಜ್ವರ ಬಂದು ರಜೆ ಹಾಕಿದಳು. ವಾಸಿಯಾದ ಮೇಲೆ ಆಫೀಸಿಗೆ ಕರೆಸಿ ನಿಲ್ಲಿಸಿಕೊಂಡೇ ಕೇಳಿದರು: ನಿಜವಾಗಿ ಜ್ವರವೋ, ಹಬ್ಬವೋ? ಡಾಕ್ಟರ ಚೀಟಿ ತೋರಿಸಿದರೆ, ನಿಮ್ಮೂರಿನಲ್ಲಿ ಇಂಥ ಚೀಟಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದಲ್ಲ ಎಂದರು. ನೌಕರಿ ಕಾಯಂ ಆಗುವ ಸರದಿಯಲ್ಲಿ ಅವಳನ್ನು ಎಲ್ಲರ ಹಿಂದಕ್ಕೆ ಹಾಕಿದರು. ಅವಳ ಜೊತೆ ಸೇರಿದವರು ಮುಂದೆ ಹೋದರು. ಅದಾದ ಮೇಲೆ ಮೈ ಬಿಸಿಯಿದ್ದರೂ ಗುಳಿಗೆ ನುಂಗಿ ಹೋಗುತ್ತಿದ್ದಳು.

ಆ ಶ್ರಾವಣದಲ್ಲೇ ಒಂದು ಬೆಳಿಗ್ಗೆ, ನನ್ನ ಬಸ್ಸು ಜೇವರ್ಗಿ ಬಿಟ್ಟಿತ್ತು, ಅವಳ ಫೋನು ಬಂತು. ರಾತ್ರಿಯೆಲ್ಲ ಹಾರಿಸಿ ಬಂದಿದ್ದಳು.

“ಅಣ್ಣಾ, ಉಂಡಿ?”

“ಇಷ್ಟು ಲಗೂನ? ನೀ ಮಲಗು ಮೊದಲು.”

“ಮಲಗ್ತೇನಿ. ಜರಾ ಮಾತಾಡು. ಮಂದಿ ಭಾಳ ಅದಾರೇನು ಬಸ್ಸಿನಾಗ?”

“ತುಂಬ್ಯಾದ. ಒಬ್ಬ ಮುದಕ ಕುರಿಮರಿ ತಗೊಂಡು ಹತ್ಯಾನ. ಅದಕ್ಕ ಟಿಕೆಟ್ ಕೊಡ್ತೇನಿ ಅಂದ್ರ, ಅದು ನಿಂತೇ ಬರ್ತದರಿ, ಅರ್ಧಾ ಹರೀರಿ ಅನ್ನಾಕತ್ಯಾನ.”

ಆ ಕಡೆ ನಗು ಕೇಳಿತು. ಮತ್ತೆ ಏನೋ ಹೇಳಲು ಹೊರಟಳು. “ಅಣ್ಣಾ, ನಂಗ...” ಅಂದವಳು ಅಲ್ಲೇ ನಿದ್ದೆ ಹೋದಳು. ಉಸಿರು ಕೇಳುತ್ತಿತ್ತು. ನಾನು ಫೋನು ಕಟ್ ಮಾಡದೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಟಿಕೆಟ್ ಹರಿಯುತ್ತ, ಸೀಟಿ ಊದದೆ ಬಸ್ಸಿನ ತಗಡು ಬಡಿದೇ ಡ್ರೈವರನಿಗೆ ನಿಲ್ಲಲು ಹೇಳುತ್ತ ಬಂದೆ. ಅಫಜಲಪುರ ಬರುವವರೆಗೂ ಅವಳ ಉಸಿರು ನನ್ನ ಎದೆಯ ಮೇಲೆ ಇತ್ತು. ಅಲ್ಲಿ ಫೋನಿನ ಚಾರ್ಜ್ ಮುಗಿಯಿತು.

ಎಳ್ಳಮಾವಾಸ್ಯೆಯ ಆ ದಿನ ಉಂಡು ಕೈ ತೊಳೆಯುವಾಗ ಅವ್ವ ಅವಳ ಕೊರಳು ನೋಡಿದಳು.

“ಲಿಂಗ ಎಲ್ಲದ ಬೇ?”

ನಾವು ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ಲಿಂಗ. ಅವ್ವ ಅದನ್ನು ಎಡಗೈಯಲ್ಲಿ ಹಿಡಿದು ಪೂಜೆ ಮಾಡದೆ ನೀರೂ ಮುಟ್ಟುವವಳಲ್ಲ. ನನ್ನದು, ಅಪ್ಪನದು ಎಷ್ಟೋ ಸಲ ಗೂಟಕ್ಕೆ ತೂಗಿರುತ್ತದೆ. ಶರಣು ಮಾತ್ರ ಈ ವಿಷಯದಲ್ಲಿ ಅವ್ವನ ಮಗಳು. ಹಾರಿಸಲು ಕಲಿಯುವಾಗಲೂ ತೆಗೆದವಳಲ್ಲ.

“ಬ್ಯಾಗಿನಾಗ ಅದ. ಗೇಟಿನ್ಯಾಗ ಬೆಳ್ಳಿ ಕರಡಗಿ ಕುಂಯ್ ಅಂತದ ಅವ್ವಾ. ದಿನಾ ತೆಗಸ್ತಾರ. ಒಬ್ಬಾಕಿ ಅಂತೂ ಬಿಚ್ಚಿ, ಕಲ್ಲು ಮೂಸಿ ನೋಡ್ತಾಳ. ಮತ್ತ ಕಂಪನ್ಯಾಗ ಕಾಲರ್ ಮ್ಯಾಲ ದಾರ ಕಂಡ್ರ ಬೈತಾರ.”

“ಮೂಸ್ಲಿ. ಬೈಲಿ. ಮೈಮ್ಯಾಲಿಂದ ತೆಗೀಬ್ಯಾಡ.”

ಅವಳು ಹೊಲಕ್ಕೂ ತಂದಿದ್ದ ಡ್ಯೂಟಿ ಬ್ಯಾಗಿನ ಬದಿಯ ಜೇಬಿನಿಂದ ಅವ್ವ ಲಿಂಗವಿದ್ದ ಕರಡಿಗೆ ತೆಗೆದು, ಹೊಸ ಶಿವದಾರ ಪೋಣಿಸಿ, ಅಂಗಿಯ ಒಳಗೆ ಕಟ್ಟಿದಳು. ಗಂಟು ಹಾಕುವಾಗ ಶರಣು ಕಣ್ಣು ಮುಚ್ಚಿ ನಿಂತಿದ್ದಳು. ಅಷ್ಟರಲ್ಲಿ ಫೋನು ಬಂತು. ಯಾರೋ ಬರಲಿಲ್ಲವಂತೆ, ಇವಳ ರಜೆ ರದ್ದು, ಇವತ್ತು ರಾತ್ರಿಯೇ ಡ್ಯೂಟಿ. ಇವಳು “ಯೆಸ್ ಸರ್, ಯೆಸ್ ಸರ್” ಎಂದಳು. ಕಡಬು ಇನ್ನೂ ಬುಟ್ಟಿಯಲ್ಲಿತ್ತು.

ಬೈಕಿನಲ್ಲಿ ಕಲಬುರಗಿಗೆ ಬಿಡಲು ಹೊರಟೆ. ಕಡಗಂಚಿ ದಾಟುವಾಗ ವಿಶ್ವವಿದ್ಯಾಲಯದ ಹುಡುಗಿಯರು ರಸ್ತೆ ಬದಿಯ ಹೊಲದಲ್ಲಿ ಹಸಿ ಕಡಲೆಯ ಸುಲಗಾಯಿ ಕಿತ್ತು ತಿನ್ನುತ್ತ ನಿಂತಿದ್ದರು. ಶರಣು ಹಿಂದೆ ತಿರುಗಿ ಬಹಳ ದೂರದವರೆಗೆ ಅವರನ್ನು ನೋಡಿದಳು. ಅದು ನಮ್ಮ ಕೊನೆಯ ಮಾಮೂಲು ದಿನ.

ಕೆಲವು ದಿನದ ನಂತರ ಫೋನಿನಲ್ಲಿ, “ಅವ್ವಗ ಹೇಳಬ್ಯಾಡ ಅಣ್ಣಾ, ಲಿಂಗ ಮತ್ತ ಬ್ಯಾಗಿನ ಜೇಬಿಗೇ ಹೋಗ್ಯಾದ. ಕ್ಯಾಪ್ಟನ್ ದಾರ ನೋಡಿ, ಇದೇನು ನಿಮ್ಮ ಬಸ್ಸಿನಾಗ ಊದೂ ಸೀಟೀನಾ ಅಂದ,” ಎಂದಳು. ಆ ಸಲ ನಗಲಿಲ್ಲ.

ತೊಗರಿ ರಾಶಿ ನಡೆದಿತ್ತು. ಹವಳಗಾ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿದ್ದರಿಂದ ಅಂದು ನನ್ನ ಬಸ್ಸು ಅಫಜಲಪುರಕ್ಕೆ ತಡವಾಗಿ ಬಂತು. ನಿಲ್ದಾಣದಲ್ಲಿ ಇಳಿಯುವಾಗ ಶರಣುವಿನ ರೂಮಿನ ಗೆಳತಿ ರಿತು ಹಿಂದಿಯಲ್ಲಿ ಫೋನು ಮಾಡಿದಳು. “ಭೈಯ್ಯಾ, ಶರಣ್ ಏಳುತ್ತಿಲ್ಲ.”

“ಮಲಗಲಿ ಬಿಡಮ್ಮಾ, ಸಾಕಾಗಿರಬೇಕು,” ಎಂದೆ.

ಆ ಕಡೆ ಅಳು ಒಡೆಯಿತು. ಅವಳು ಕೈ ಮುಟ್ಟಿ ನೋಡಿದ್ದಳು. ತಣ್ಣಗಾಗಿತ್ತಂತೆ.

ಹೈದರಾಬಾದಿನ ಆಸ್ಪತ್ರೆಯ ವರಾಂಡದಲ್ಲಿ ರಿತು ಎಲ್ಲ ಹೇಳಿದಳು. ಹಿಂದಿನ ದಿನ ಬೆಳಿಗ್ಗೆ ಶರಣು ಜ್ವರದಲ್ಲೇ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮಿನಲ್ಲೇ ಹಾಸಿಗೆಗೆ ಬಿದ್ದಿದ್ದಳು. ಒಂದು ಬೂಟು ಕಳಚಿತ್ತು, ಒಂದು ಕಾಲಲ್ಲೇ ಇತ್ತು. ಅವಳು ಜೋರಾಗಿ ಉಸಿರಾಡುತ್ತಿದ್ದುದನ್ನು ರಿತು ಕೇಳಿದಳು. ಸಾಕಾಗಿದೆ ಅಂದುಕೊಂಡು, ಫ್ಯಾನು ಸಣ್ಣಗೆ ಮಾಡಿ, ಕರ್ಟನ್ ಎಳೆದು, ತನ್ನ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೊರಗೆ ಹೋದಳು. ಮಧ್ಯಾಹ್ನ ಇನ್ನೊಬ್ಬಳು ಬಂದಳು. ಪಕ್ಕದ ಮಂಚದಿಂದ ನರಳಿಕೆ ಕೇಳಿ, ಕನಸು ಎಂದುಕೊಂಡು ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆಯ ಕಡೆ ಹೊರಳಿದಳು. ಅವಳು ಏಳುವಾಗ ನರಳಿಕೆ ಇರಲಿಲ್ಲ. ನಿದ್ದೆ ಹತ್ತಿತು ಎಂದು ಸಮಾಧಾನಪಟ್ಟುಕೊಂಡು, ಸದ್ದಾಗದಂತೆ ಬಾಗಿಲು ಹಾಕಿ ಹೋದಳು. ಮರುದಿನ ರಿತು ಬಂದಾಗ ಬೂಟು ಅದೇ ಕಾಲಿನಲ್ಲಿತ್ತು.

ಜ್ವರ ಹೃದಯಕ್ಕೆ ಇಳಿದಿತ್ತು ಎಂದರು ಡಾಕ್ಟರು. ಯಾರಾದರೂ ಅಲುಗಾಡಿಸಿ ನೋಡಿ ಮೊದಲೇ ತಂದಿದ್ದರೆ ಉಳಿಯುತ್ತಿದ್ದಳು ಎಂದೂ ಅಂದರು. ರಿತು ಅಲ್ಲೇ ಇದ್ದಳು. ಅವಳ ಮುಂದೆಯೇ ಅಂದರು.

ದಿಂಬಿನ ಕೆಳಗಿನ ಫೋನಿಗೆ ಕಂಪನಿಯಿಂದ ಸಂದೇಶಗಳು ಬಂದಿದ್ದವು. ಡ್ಯೂಟಿಗೆ ಯಾಕೆ ಬಂದಿಲ್ಲ? ಕೂಡಲೇ ಉತ್ತರ ಕೊಡಿ. ಕೊನೆಯದರಲ್ಲಿ, ಉತ್ತರ ಬಾರದ ಕಾರಣ ನಿಮ್ಮ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂದಿತ್ತು. ಅದು ಬರುವ ಹೊತ್ತಿಗೆ ಅವಳು ಸತ್ತು ಬಹಳ ಹೊತ್ತಾಗಿತ್ತು.

ಕಂಪನಿಯಿಂದ ಒಬ್ಬ ಬಂದ. ಕತ್ತಿಗೆ ಕಾರ್ಡು, ಇಸ್ತ್ರಿ ಮಾಡಿದ ಅಂಗಿ. ಮೊದಲು ಕೈ ಮುಗಿದ. ಆಮೇಲೆ, “ದೇಖೋ ಭಾಯಿ, ಇದು ಡ್ಯೂಟಿಯ ಮೇಲೆ ಆದ ಸಾವಲ್ಲ. ಮನೆಯಲ್ಲಿ ಮಲಗಿದ್ದಾಗ ಆಗಿದೆ. ಅದು ನಿಮಗೆ ಸ್ಪಷ್ಟ ಇರಲಿ,” ಎಂದ. ನಾನು ತಲೆಯಾಡಿಸಿದೆ. ನನಗೆ ಬೇಕಾಗಿದ್ದುದು ಒಂದೇ.

“ಆಕಿ ಬ್ಯಾಗ್ ಕೊಡ್ರಿ. ಅದರಾಗ ಲಿಂಗ ಅದ. ಮಣ್ಣು ಮಾಡೂವಾಗ ಕೈಯಾಗ ಇಡಬೇಕು.”

“ಬ್ಯಾಗು ಕಂಪನಿಯ ಸಾಮಾನು. ಒಳಗೆ ಟ್ಯಾಬು, ಪಾಸು ಇವೆ. ರೂಮಿನಿಂದ ತಂದು ಆಫೀಸಿನಲ್ಲಿ ಸೀಲ್ ಮಾಡಿದ್ದೇವೆ.”

“ಟ್ಯಾಬು ನೀವೇ ಇಟ್ಕೋರಿ. ಜೇಬಿನಾಗಿಂದು ಒಂದು ಬೆಳ್ಳಿ ಡಬ್ಬಿ ಕೊಟ್ರ ಸಾಕು.”

“ಸೀಲ್ ತೆಗೆಯುವವರು ಸೋಮವಾರ ಬರುತ್ತಾರೆ,” ಎಂದ. ಮತ್ತೆ, “ಭುಜದ ಪಟ್ಟಿ, ಗುರುತಿನ ಕಾರ್ಡು ಇನ್ನೂ ನಮಗೆ ವಾಪಸ್ ಬಂದಿಲ್ಲ. ಅವನ್ನು ಕೊಟ್ಟರೆ ನಾನು ಮಾತಾಡಿ ನೋಡುತ್ತೇನೆ,” ಎಂದ.

ನಾನು ಒಳಗೆ ಹೋದೆ. ಶವ ಕಾಯುವವನಿಗೆ ಕೈ ಮುಗಿದು ಕೇಳಿದೆ. ಅವಳ ಬಟ್ಟೆ ಕತ್ತರಿಸಿ ಒಂದು ಚೀಲಕ್ಕೆ ತುರುಕಿದ್ದರು. ಅಂಗಿಯ ಭುಜದಿಂದ ಆ ಕಪ್ಪು ಪಟ್ಟಿಗಳನ್ನು ನಾನೇ ಬಿಚ್ಚಿದೆ. ಅವುಗಳ ಮೇಲಿನ ಬಂಗಾರದ ಗೆರೆ ತೋರಿಸಲು ಅವಳು ಒಮ್ಮೆ ವಿಡಿಯೊ ಕಾಲ್ ಮಾಡಿದ್ದಳು. ಅಪ್ಪ ತೂಕದ ಕಲ್ಲು ಬಿಟ್ಟು ಫೋನಿನ ಮುಂದೆ ಕೂತಿದ್ದ. ಪಟ್ಟಿ, ಕಾರ್ಡು ತಂದು ಆ ಮನುಷ್ಯನ ಕೈಗೆ ಕೊಟ್ಟೆ. ಕರವಸ್ತ್ರದಿಂದ ಒರೆಸಿ ಜೇಬಿಗಿಟ್ಟ. ಆಮೇಲೆ ಎಷ್ಟು ಸಲ ಹಚ್ಚಿದರೂ ಅವನ ಫೋನು ಹತ್ತಲಿಲ್ಲ.

ಸೋಮವಾರದವರೆಗೆ ಹೆಣ ಇಡುವ ಹಾಗಿರಲಿಲ್ಲ. ಆಂಬ್ಯುಲೆನ್ಸಿನಲ್ಲಿ ಕೂತು ಬಂದೆ. ಕಡಗಂಚಿಯ ಹತ್ತಿರ ಅದೇ ಹೊಲದಲ್ಲಿ ಕಡಲೆ ಕಿತ್ತಾಗಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮಣ್ಣಿನಲ್ಲೂ ಕೂಡಿಸಿಯೇ ಇಡುವುದು, ಎಡ ಅಂಗೈಯಲ್ಲಿ ಅವರ ಲಿಂಗ. ಹೊತ್ತೊಯ್ಯುವ ಬಿದಿರಿನ ಮಂಟಪಕ್ಕೆ ವಿಮಾನ ಎಂದೇ ಹೆಸರು. ಅಂದು ಅದನ್ನು ಕಟ್ಟಿದವರು ಯಾರೂ ಆ ಮಾತು ಬಾಯಿಂದ ತೆಗೆಯಲಿಲ್ಲ. “ಅದು ತಯಾರಾತೇನು?” “ಅದಕ್ಕ ಹೂವು ಹಚ್ಚರಿ” ಎನ್ನುತ್ತಿದ್ದರು.

ಹೆಂಗಸರ ನಡುವೆ ನಮ್ಮ ಸೋದರತ್ತೆ, “ಹೆಣ್ಣಮಗಳಿಗೆ ಮ್ಯಾಲ ಹಾರೂದು ಯಾಕ ಬೇಕಿತ್ತು? ಅಂಗಡೀನೂ ಹೋತು, ಹುಡುಗೀನೂ ಹೋದ್ಲು,” ಎಂದಳು. ಅಪ್ಪ ಕೇಳಿಸಿಕೊಂಡ. ಅವನು ಅಂದಿನಿಂದ ಆಕೆಯ ಮನೆಗೆ ಹೋಗಿಲ್ಲ.

ಅವ್ವ ಶರಣುವಿಗೆ ವಿಭೂತಿ ಹಚ್ಚುತ್ತ ಕೊರಳಿಗೆ ಕೈ ಹಾಕಿದಳು. ತಾನು ಕಟ್ಟಿದ ದಾರ ಇರಲಿಲ್ಲ. ನನ್ನ ಮುಖ ನೋಡಿದಳು. ಹೇಳಿದೆ.

“ಚಿಂತಿ ಮಾಡಬ್ಯಾಡ್ರಿ ತಾಯಿ,” ಎಂದರು ಮಠದ ಅಯ್ಯನವರು. “ಬ್ಯಾರೆ ಲಿಂಗ ತಂದೇನಿ. ಕೈಯಾಗ ಇಡೋಣು.”

“ಅದು ಆಕಿನ್ನ ಗುರ್ತ ಹಿಡೀತದೇನ್ರಿ?” ಅವ್ವ ಕೇಳಿದಳು.

ಅವ್ವ ಸೆರಗು ಸರಿಸಿ, ತನ್ನ ಕೊರಳಿನ ದಾರ ಬಿಚ್ಚಿದಳು. ಮದುವೆಯಲ್ಲಿ, ಬಾಣಂತನದಲ್ಲಿ, ಆಪರೇಷನ್ನಿನಲ್ಲೂ ಮೈಯಿಂದ ತೆಗೆಯದ ಲಿಂಗ ಅದು. ಅವಳ ಎದೆಯ ಮೇಲೆ ಕರಡಿಗೆಯ ಗುರುತು ಬೆಳ್ಳಗೆ ಬಿದ್ದಿತ್ತು. ಶರಣುವಿನ ಬೆರಳು ಬಿಗಿದಿದ್ದವು. ಅವ್ವ ಒಂದೊಂದೇ ಬಿಡಿಸಿ, ಲಿಂಗ ಇಟ್ಟು, ಮತ್ತೆ ಮಡಚಿದಳು. “ನಂದು ಇದು. ನಿನ್ನ ಹುಟ್ಟಿದಾಗಿಂದ ನೋಡ್ಯಾದ. ಇದು ಹಿಡ್ಕೊಂಡು ಮಲಗು,” ಎಂದಳು. ಮಣ್ಣು ಕೊಡುವವರು ಅವಸರ ಮಾಡುತ್ತಿದ್ದರು.

ಬ್ಯಾಗಿಗಾಗಿ ನಾನು ರಜೆ ಹಾಕಿ ಮತ್ತೆ ಮತ್ತೆ ಹೈದರಾಬಾದಿಗೆ ಹೋದೆ. ಆ ಆಫೀಸಿನ ಗೇಟು ದಾಟಲು ಬಿಟ್ಟಿದ್ದು ಒಂದೇ ಸಲ. ಒಳಗೆ ಹೊಸ ಹುಡುಗ ಹುಡುಗಿಯರು ಬಿಳಿ ಅಂಗಿ ಹಾಕಿ ಸಾಲಾಗಿ ಕೂತಿದ್ದರು, ತಾಯಿ ತಂದೆಯರ ಜೊತೆ. ಒಬ್ಬ ತಂದೆ ನನ್ನನ್ನು ನೋಡಿ, “ನಿಮ್ಮವರೂ ಆಯ್ಕೆ ಆಗಿದ್ದಾರಾ?” ಎಂದು ಸಂತೋಷದಿಂದ ಕೇಳಿದ. ಹೌದು ಎಂದೆ.

ಕಾರಹುಣ್ಣಿಮೆಯ ಹೊತ್ತಿಗೆ ಬ್ಯಾಗು ಕೊರಿಯರಿನಲ್ಲಿ ಆಳಂದಕ್ಕೆ ಬಂತು. ಒಂದು ಟಾರ್ಚು, ಜ್ವರದ ಗುಳಿಗೆ, ಬಾಚಣಿಕೆ, ಒಣಗಿ ಪುಡಿಯಾದ ರೊಟ್ಟಿಯ ತುಣುಕು. ಬದಿಯ ಜೇಬಿನ ಜಿಪ್ಪು ತೆರೆದೇ ಇತ್ತು. ಮೂಲೆಯಲ್ಲಿ ವಿಭೂತಿಯ ಪುಡಿ ಅಂಟಿತ್ತು, ಅಷ್ಟೇ. ಫೋನು ಮಾಡಿದೆ. ಬೆಳ್ಳಿ ಡಬ್ಬಿ ಇತ್ತು ಅನ್ನುವುದಕ್ಕೆ ಏನು ದಾಖಲೆ ಎಂದರು. ಇನ್ನೊಂದು ಸಲ ಮಾಡಿದಾಗ ಬೇರೆ ಯಾರೋ, “ಒಂದು ಕಲ್ಲಿಗಾಗಿ ಎಷ್ಟು ಸಲ ಕೇಳುತ್ತೀರಿ? ಅಂಗಡಿಯಲ್ಲಿ ಸಿಗುವುದಿಲ್ಲವಾ?” ಎಂದು ಇಟ್ಟುಬಿಟ್ಟರು.

ಮರುವರ್ಷದ ಎಳ್ಳಮಾವಾಸ್ಯೆಗೆ ಅಪ್ಪ ಕೂಗಿದ. ಬದುವಿನ ಗುಂಟ ಚರಗ ಚೆಲ್ಲುತ್ತ, ದನಿ ಒಡೆದು ಕೆಮ್ಮು ಬರುವವರೆಗೆ ಕೂಗಿದ. ಬನ್ನಿಗಿಡದ ಕೆಳಗೆ ಯಾರೂ ಮಲಗಿರಲಿಲ್ಲ.

ಅಯ್ಯನವರು ಅವ್ವನಿಗೆ ಹೊಸ ಲಿಂಗ ಕಟ್ಟಲು ಎರಡು ಸಲ ಮನೆಗೆ ಬಂದರು. ಶರಣುವಿನದು ಬಂದರೆ ಅದನ್ನೇ ಕಟ್ಟಿಕೊಳ್ಳುತ್ತೇನೆ, ಅಲ್ಲಿಯವರೆಗೆ ಬೇಡ ಎಂದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಣೆಯ ಮೇಲೆ ಕೂತು, ಎಡಗೈ ಚಾಚುತ್ತಾಳೆ. ಬರಿ ಅಂಗೈಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಅದನ್ನೇ ನೋಡುತ್ತ ಕೂರುತ್ತಾಳೆ. ಆಮೇಲೆ ನೀರು ಕುಡಿಯುತ್ತಾಳೆ.

ಶರಣುವಿನ ಲಿಂಗ ಇನ್ನೂ ಬಂದಿಲ್ಲ.